ವಂತಿಗೆಯ ಹಣ, ಋಣದ ಲೆಕ್ಕ

ನಮ್ಮ ಕಡೆಯ ಹಳ್ಳಿಗಳಲ್ಲಿ ಬಯಲಾಟವೊಂದು ನಡೆಯಬೇಕಾದರೆ ಮೊದಲು ಹೊರಡುತ್ತಿದ್ದುದು ವಂತಿಗೆಯ ಪಟ್ಟಿ. ನಾಲ್ವರು ಹಿರಿಯರು ಒಂದು ಪುಸ್ತಕವನ್ನು ಹಿಡಿದು ಮನೆ ಮನೆಗೆ ಹೋಗುವರು. ಒಬ್ಬರು ಹತ್ತು ರೂಪಾಯಿ ಬರೆಸುವರು, ಇನ್ನೊಬ್ಬರು ಎರಡು ಸೇರು ಅಕ್ಕಿ ಬರೆಸುವರು. ಇದು ಎಲ್ಲರೂ ಬಲ್ಲ ಸಂಗತಿಯೇ. ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಆ ಪಟ್ಟಿಯ ಆರಂಭವಲ್ಲ, ಅದರ ಮುಕ್ತಾಯ. ಆಟ ಮುಗಿದ ಮೂರನೆಯ ದಿನ ಗುಡಿಯ ಜಗಲಿಯ ಮೇಲೆ ಲೆಕ್ಕ ಬಲ್ಲ ಹಿರಿಯರೊಬ್ಬರು ಕುಳಿತು, ಇಷ್ಟು ಜಮಾ, ಇಷ್ಟು ಖರ್ಚು, ಉಳಿಕೆ ಏಳೂವರೆ ರೂಪಾಯಿ, ಅದು ದೀಪದ ಎಣ್ಣೆಗೆ ಎಂದು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಆ ಓದು ಮುಗಿದಾಗಲೇ ಆಟ ಮುಗಿಯಿತೆಂದು ಅರ್ಥ.

ಇಂದು ಆ ಪಟ್ಟಿ ಅಂತರ್ಜಾಲವನ್ನು ಏರಿದೆ. ಪುಸ್ತಕ ಬರೆಯುವವರು, ಹಾಡು ಕಟ್ಟುವವರು, ಚಿತ್ರ ಬಿಡಿಸುವವರು, ಚಲನಚಿತ್ರ ತೆಗೆಯುವವರು ತಮ್ಮ ಸಂಕಲ್ಪವನ್ನು ಒಂದು ಜಾಲತಾಣದಲ್ಲಿ ಪ್ರಕಟಿಸಿ, "ಇದಕ್ಕೆ ಇಷ್ಟು ಹಣ ಬೇಕು, ಕೈಗೂಡಿಸಿ" ಎಂದು ಕೇಳುತ್ತಾರೆ. ಮುಖ ಕಾಣದ ಸಾವಿರಾರು ಮಂದಿ ತಮ್ಮ ಮೊಬೈಲಿನಿಂದಲೇ ನೂರೋ ಐನೂರೋ ಕಳುಹಿಸುತ್ತಾರೆ. ಇದಕ್ಕೆ ಕ್ರೌಡ್ ಫಂಡಿಂಗ್ ಎಂದು ಹೆಸರು. ನಾವು ಜನವಂತಿಗೆ ಎಂದರೆ ತಪ್ಪಾಗದು. ಇದರ ರಸದ ಭಾಗವನ್ನು ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಇದರ ವ್ಯವಹಾರದ ಭಾಗವನ್ನು. ಕನ್ನಡ ಪಂಡಿತನಿಗೆ ಜಮಾಖರ್ಚಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವುಂಟು, ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಕವಿಗೆ ಆಶ್ರಯ ಬೇಕೆಂಬುದು ಹಳೆಯ ಮಾತು. ಪಂಪನಿಗೆ ಅರಿಕೇಸರಿ ಇದ್ದನು. ವಿಕ್ರಮಾರ್ಜುನ ವಿಜಯಕ್ಕೆ ಪ್ರತಿಯಾಗಿ ಧರ್ಮವುರವೆಂಬ ಅಗ್ರಹಾರವೇ ದೊರೆಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ತಾನೊಬ್ಬಳೇ ಬರೆಯಿಸಿ ಹಂಚಿದಳು. ಅರಸರ ಕಾಲ ಹೋಗಿ ಅಚ್ಚಿನ ಕಾಲ ಬಂದ ಮೇಲೆ ಓದುಗರೇ ಆಶ್ರಯದಾತರಾಗಬೇಕಾಯಿತು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಪ್ರಾರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆದ ಸಂಸ್ಥೆ. ಪುಸ್ತಕ ಕೈಗೆ ಬರುವ ಮುನ್ನವೇ ಅದರ ಹಣ ಕೊಡುವ ಓದುಗರು ನಮ್ಮಲ್ಲಿ ಆಗಲೇ ಇದ್ದರು. ಇಂದಿನ ಜಾಲತಾಣವು ಒಬ್ಬ ಅತ್ತಿಮಬ್ಬೆಯ ಸ್ಥಾನದಲ್ಲಿ ಸಾವಿರ ಮಂದಿಯನ್ನು ತಂದು ನಿಲ್ಲಿಸಿದೆ. ಅತ್ತಿಮಬ್ಬೆ ತಾನು ಕೊಟ್ಟ ಹಣವೇನಾಯಿತೆಂದು ಕಣ್ಣಾರೆ ನೋಡಬಲ್ಲವಳಾಗಿದ್ದಳು. ಈ ಸಾವಿರ ಮಂದಿ ನೋಡಲಾರರು. ತೊಡಕಿರುವುದು ಇಲ್ಲಿ.

ಎರಡು ವರ್ಷದ ಕೆಳಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಚಿತ್ರಕಲೆ ಕಲಿತವಳು; ಅಜ್ಜಿಯಿಂದ ಕೇಳಿದ ಕತೆಗಳನ್ನು ಮಕ್ಕಳಿಗಾಗಿ ಬರೆದು ಚಿತ್ರಸಹಿತ ಪುಸ್ತಕವನ್ನಾಗಿ ತರಬೇಕೆಂಬುದು ಅವಳ ಆಸೆ.

"ಮೇಷ್ಟ್ರೇ, ಪ್ರಕಾಶಕರು ಯಾರೂ ಒಪ್ಪಲಿಲ್ಲ. ಜಾಲತಾಣದಲ್ಲಿ ವಂತಿಗೆ ಎತ್ತೋಣ ಅಂತಿದ್ದೀನಿ. ಮನವಿಯ ಕನ್ನಡ ಒಂದಿಷ್ಟು ತಿದ್ದಿಕೊಡಿ" ಎಂದಳು.

"ಕನ್ನಡ ಆಮೇಲೆ ತಿದ್ದೋಣವಮ್ಮ. ಈ ಐನೂರು ರೂಪಾಯಿ ಕೊಡುವವರು ನಿನಗೆ ಏನಾಗಬೇಕು? ದಾನಿಗಳೋ, ಗಿರಾಕಿಗಳೋ, ಪಾಲುದಾರರೋ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಒಂದೇ ಅಲ್ಲವೇ ಮೇಷ್ಟ್ರೇ, ಅವರೆಲ್ಲ ಅಭಿಮಾನಿಗಳು" ಎಂದಳು.

ಎಲ್ಲವೂ ಒಂದೇ ಅಲ್ಲ. ಈ ಭಾಷಣದ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳೆಂದರೆ, ಕೇಳುವವನು ಕೇಳುವ ಮೊದಲೇ ಆ ಹಣದ ಹೆಸರನ್ನು ಗೊತ್ತುಮಾಡಿ ಸ್ಪಷ್ಟವಾಗಿ ಹೇಳಬೇಕು ಎನ್ನುತ್ತೇನೆ. ನಾನು ಕಂಡಂತೆ ಆ ಹಣ ನಾಲ್ಕು ವಿಧ: ದಾನ, ಮುಂಗಡ, ಮಾಸಾಶನ, ಪಾಲು.

ಮೊದಲನೆಯದು ದಾನ. ಕೊಟ್ಟವನು ಬದಲಿಗೆ ವಸ್ತುವನ್ನು ನಿರೀಕ್ಷಿಸುವುದಿಲ್ಲ. ಕಾರ್ಯ ನಡೆಯಲಿ ಎಂಬುದಷ್ಟೇ ಅವನ ಇಚ್ಛೆ. ಅಮೆರಿಕದ ನ್ಯೂಯಾರ್ಕಿನಲ್ಲಿರುವ ಸ್ವಾತಂತ್ರ್ಯದೇವಿಯ ಪ್ರತಿಮೆಯ ಚಿತ್ರವನ್ನು ನೀವು ನೋಡಿರಬೇಕು. ಪ್ರತಿಮೆಯೇನೋ ಫ್ರಾನ್ಸಿನಿಂದ ಬಂತು; ಅದನ್ನು ನಿಲ್ಲಿಸುವ ಪೀಠಕ್ಕೆ ಹಣವಿರಲಿಲ್ಲ. 1885ರಲ್ಲಿ ಜೋಸೆಫ್ ಪುಲಿಟ್ಜರ್ ಎಂಬ ಪತ್ರಿಕೆಯ ಒಡೆಯನು, ಎಷ್ಟೇ ಅಲ್ಪವಾದ ಹಣ ಕೊಟ್ಟವರ ಹೆಸರನ್ನಾದರೂ ಪತ್ರಿಕೆಯಲ್ಲಿ ಅಚ್ಚು ಹಾಕುವೆನೆಂದು ಸಾರಿದನು. ಸುಮಾರು ಐದು ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಮಂದಿಯಿಂದ ಲಕ್ಷ ಡಾಲರಿಗೂ ಮೀರಿದ ಹಣ ಸೇರಿತು. ಅವರಲ್ಲಿ ಬಹುಪಾಲು ಮಂದಿ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಆದರೂ ಪುಲಿಟ್ಜರ್ ಹೇಳಿದ್ದಷ್ಟನ್ನು ಮಾಡಿದನು. ಹೆಸರುಗಳು ಅಚ್ಚಾದುವು, ಪೀಠ ಎದ್ದಿತು. ದಾನಕ್ಕೂ ಒಂದು ವಾಗ್ದಾನ ಉಂಟೆಂಬುದನ್ನು ಇಲ್ಲಿ ಗಮನಿಸಬೇಕು. ಮತ್ತೊಂದು ಮಾತು: ದಾನವೆಂದು ಕರೆದ ಮಾತ್ರಕ್ಕೆ ತೆರಿಗೆಯ ಇಲಾಖೆ ಸುಮ್ಮನಿರುವುದಿಲ್ಲ. ನಮ್ಮ ದೇಶದಲ್ಲಿ ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದರೆ ಅದನ್ನು ಸಾಮಾನ್ಯವಾಗಿ ಆದಾಯದಲ್ಲಿಯೇ ತೋರಿಸಬೇಕು.

ಎರಡನೆಯದು ಮುಂಗಡ. ಪುಸ್ತಕವೋ ಹಾಡಿನ ತಟ್ಟೆಯೋ ಸಿದ್ಧವಾದಾಗ ಕಳುಹಿಸುತ್ತೇನೆಂದು ಹೇಳಿ ಅದರ ಬೆಲೆಯನ್ನು ಮೊದಲೇ ಪಡೆಯುವುದು. 2009ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣ ಈ ಮಾರ್ಗದಿಂದ ಪ್ರಸಿದ್ಧವಾಯಿತು. ಅದರ ನಿಯಮ, ಬಂದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ ಎಂಬುದು. ಕೇಳಿದ ಮೊಬಲಗು ಗಡುವಿನೊಳಗೆ ಕೂಡದಿದ್ದರೆ ಯಾರ ಹಣವನ್ನೂ ಮುಟ್ಟುವುದಿಲ್ಲ. ಇದು ಕಠಿಣವೆಂದು ಕಂಡರೂ ನ್ಯಾಯವಾದದ್ದು. ಅರ್ಧ ಸೇತುವೆ ಕಟ್ಟುವಷ್ಟು ಹಣ ಬಂದರೆ ಹೊಳೆ ದಾಟಲಾಗದು. ಕೊಟ್ಟವರ ಹಣ ಮಾತ್ರ ನೀರಿನ ಪಾಲಾಗುವುದು. ಆದರೆ ಮಾತು ಕೊಟ್ಟವನೂ ಹಣ ಕೊಟ್ಟವನೂ ಇವರಿಬ್ಬರೇ ಒಪ್ಪಂದದ ಪಕ್ಷಗಳು, ಜಾಲತಾಣ ಅಲ್ಲ ಎಂಬುದನ್ನು ಆ ಸಂಸ್ಥೆ ತನ್ನ ನಿಬಂಧನೆಗಳಲ್ಲಿಯೇ ಬರೆದಿದೆ. ಜಾಲತಾಣವೆಂದರೆ ಸಂತೆಯ ಮಾಳ. ಸಂತೆಯ ಸುಂಕ ವಸೂಲಿ ಮಾಡಿದವನು ಸರಕಿಗೆ ಹೊಣೆಯಾಗುವುದಿಲ್ಲ.

ಮೂರನೆಯದು ಮಾಸಾಶನ. ಒಂದು ಕೃತಿಗೆ ಅಲ್ಲದೆ ಕೃತಿಕಾರನಿಗೇ ತಿಂಗಳು ತಿಂಗಳು ಸಣ್ಣ ಹಣ ಕೊಡುತ್ತ ಹೋಗುವುದು. 2013ರಲ್ಲಿ ಹುಟ್ಟಿದ ಪೇಟ್ರಿಯಾನ್ ಎಂಬ ಜಾಲತಾಣದ ದಾರಿ ಇದು. ಅರಸನ ಆಸ್ಥಾನದಲ್ಲಿ ಕವಿಗಿದ್ದ ನೆಮ್ಮದಿಗೆ ಇದು ಸಮೀಪವೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಆಸ್ಥಾನದ ಕವಿಗೆ ಒಬ್ಬ ಅರಸ. ಇಲ್ಲಿ ಮುನ್ನೂರು ಮಂದಿ ಅರಸರು. ಈ ತಿಂಗಳು ಏನನ್ನೂ ಬರೆಯಲಿಲ್ಲವೇ ಎಂಬ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ಅದೂ ಅಲ್ಲದೆ ನಮ್ಮಲ್ಲಿ 2021ರ ಅಕ್ಟೋಬರಿನಿಂದ, ತಾನಾಗಿ ಕಡಿತವಾಗುವ ಕಾರ್ಡಿನ ಹಣಕ್ಕೆ ಖಾತೆದಾರನ ಅನುಮತಿಯ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಯಿತು. ಆದಕಾರಣ ಒಮ್ಮೆ ಒಪ್ಪಿದವರೆಲ್ಲ ಕೊನೆಯವರೆಗೂ ಕೊಡುತ್ತಿರುವರೆಂದು ಸಂಸಾರದ ಲೆಕ್ಕ ಹಾಕಲಾಗದು.

ನಾಲ್ಕನೆಯದು ಪಾಲು. ಲಾಭ ಬಂದರೆ ನಿನಗೂ ಇಷ್ಟು ಎಂಬ ಒಪ್ಪಂದ. ಶ್ಯಾಮ್ ಬೆನೆಗಲ್ ಅವರು 1976ರಲ್ಲಿ ನಿರ್ದೇಶಿಸಿದ 'ಮಂಥನ' ಚಿತ್ರಕ್ಕೆ ಗುಜರಾತಿನ ಹಾಲು ಸಹಕಾರ ಸಂಘಗಳ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟದ್ದು ಪ್ರಸಿದ್ಧ ಸಂಗತಿ. ಅದರಲ್ಲಿ ಪಾಲಿಗಿಂತ ಅಭಿಮಾನವೇ ದೊಡ್ಡದಾಗಿತ್ತು. ನಮ್ಮ ಕನ್ನಡದಲ್ಲಿ 2013ರಲ್ಲಿ ತೆರೆಗೆ ಬಂದ 'ಲೂಸಿಯಾ' ಚಿತ್ರಕ್ಕಾಗಿ ನಿರ್ದೇಶಕ ಪವನ್ ಕುಮಾರ್ ಅಂತರ್ಜಾಲದಲ್ಲಿಯೇ ಮನವಿ ಮಾಡಿಕೊಂಡರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಐದು ಲಕ್ಷ ಮಂದಿ ತಲಾ ಎರಡು ರೂಪಾಯಿ ಕೊಡುವುದಕ್ಕೂ ನೂರಹತ್ತು ಮಂದಿ ಐವತ್ತು ಲಕ್ಷ ಕೊಡುವುದಕ್ಕೂ ಇರುವ ಅಂತರವನ್ನು ಯೋಚಿಸಿ. ಎರಡು ರೂಪಾಯಿ ಕೊಟ್ಟವನು ಚಿತ್ರ ನೋಡಿ ಸಂತೋಷಪಟ್ಟರೆ ಋಣ ತೀರಿತು. ಹತ್ತಾರು ಸಾವಿರ ಹಾಕಿದವನಿಗೆ ಲೆಕ್ಕವನ್ನೇ ಒಪ್ಪಿಸಬೇಕು. ಪಾಲಿನ ವಿಷಯದಲ್ಲಿ ಕಾನೂನೂ ಬಿಗಿಯಾಗಿದೆ. 2013ರ ಕಂಪೆನಿ ಕಾಯಿದೆಯಂತೆ ಖಾಸಗಿಯಾಗಿ ಷೇರು ನೀಡುವ ಕಂಪೆನಿ ಒಂದು ಆರ್ಥಿಕ ವರ್ಷದಲ್ಲಿ ಸಾಧಾರಣವಾಗಿ 200 ಮಂದಿಯನ್ನು ಮೀರಕೂಡದು. ಅದಕ್ಕಾಗಿ ಬಹಿರಂಗ ಜಾಹೀರಾತನ್ನೂ ಕೊಡಕೂಡದು. ಆದುದರಿಂದ ಪಾಲಿನ ಮಾತನ್ನು ಜಾಲತಾಣದಲ್ಲಿ ಆಡುವ ಮುನ್ನ ಲೆಕ್ಕ ಪರಿಶೋಧಕರೊಬ್ಬರ ಬಾಗಿಲು ತಟ್ಟುವುದು ಕ್ಷೇಮ.

ನನ್ನ ವಿದ್ಯಾರ್ಥಿನಿಯದು ಮುಂಗಡದ ದಾರಿ. "ಹಾಗಾದರೆ ಒಂದು ಕಾಗದ ತೆಗೆದುಕೊ" ಎಂದೆ. ನಾವಿಬ್ಬರೂ ಕುಳಿತು ಅಂದಾಜು ಮಾಡಿದೆವು. ನೀವೂ ಆ ಲೆಕ್ಕವನ್ನು ನೋಡಿರಿ.

ತಲಾ 500 ರೂಪಾಯಿಯಂತೆ 300 ಮಂದಿ ಕೊಟ್ಟರೆ ಜಮಾ 1,50,000. ಜಾಲತಾಣದ ಶುಲ್ಕ ನೂರಕ್ಕೆ ಐದು, ಹಣ ವರ್ಗಾವಣೆಯ ಶುಲ್ಕ ನೂರಕ್ಕೆ ಮೂರು ಎಂದು ಹಿಡಿದರೆ 12,000. ಆ ಶುಲ್ಕದ ಮೇಲೆ ನೂರಕ್ಕೆ ಹದಿನೆಂಟರ ಜಿ.ಎಸ್.ಟಿ. 2,160. ಉಳಿದದ್ದು 1,35,840. ಬಣ್ಣದ ಅಚ್ಚಿನ 500 ಪ್ರತಿಗಳಿಗೆ ತಲಾ 130ರಂತೆ 65,000. ಪುಟವಿನ್ಯಾಸ ಮಾಡುವವರಿಗೂ ಕೆಲವು ಚಿತ್ರಗಳಿಗೆ ನೆರವಾಗುವ ಗೆಳತಿಗೂ ಸೇರಿ 30,000. ಕಟ್ಟುವ ರಟ್ಟು, ಅಂಚೆ ವೆಚ್ಚ ತಲಾ 70ರಂತೆ 21,000. ಈಗ ಉಳಿದದ್ದು 19,840. ಇಷ್ಟಕ್ಕೇ ನಿಂತಿದ್ದರೆ ಬಾಧಕವಿರಲಿಲ್ಲ. ಆದರೆ ಹುಡುಗಿ ಉತ್ಸಾಹದಲ್ಲಿ, ಹಣ ಕೊಟ್ಟವರಿಗೆಲ್ಲ ಚಿತ್ರವಿರುವ ಒಂದು ಬಟ್ಟೆಯ ಚೀಲವನ್ನೂ ಕೊಡುವೆನೆಂದು ಮನವಿಯಲ್ಲಿ ಬರೆದಿದ್ದಳು. ಚೀಲಕ್ಕೆ 60ರಂತೆ 18,000. ಉಳಿದದ್ದು 1,840! ಇನ್ನು ಅಚ್ಚಿನ ವೆಚ್ಚ ನೂರಕ್ಕೆ ಹತ್ತು ಏರಿತೋ, 6,500 ಹೆಚ್ಚಾಗಿ ಕೈಯಿಂದ 4,660 ಕಟ್ಟಬೇಕು. ಅವಳ ಒಂದು ವರ್ಷದ ದುಡಿಮೆಗೆ ಈ ಪಟ್ಟಿಯಲ್ಲಿ ಒಂದು ಕಾಸೂ ಇಲ್ಲ.

"ಒಂದೂವರೆ ಲಕ್ಷ ಬಂತೆಂದು ಊರೆಲ್ಲ ಹೇಳುತ್ತದೆ ಮೇಷ್ಟ್ರೇ, ನನ್ನ ಕೈಗೆ ಏನೂ ಇಲ್ಲವಲ್ಲ!" ಎಂದಳು.

ಇದು ಅವಳೊಬ್ಬಳ ಅನುಭವವಲ್ಲ. 2012ರಲ್ಲಿ ಅಮಾಂಡಾ ಪಾಮರ್ ಎಂಬ ಅಮೆರಿಕದ ಗಾಯಕಿ ತನ್ನ ಹಾಡುಗಳ ಸಂಪುಟಕ್ಕಾಗಿ ಲಕ್ಷ ಡಾಲರು ಕೇಳಿದಳು. ಸುಮಾರು 25,000 ಮಂದಿ ಸೇರಿ ಹನ್ನೆರಡು ಲಕ್ಷ ಡಾಲರಿಗೆ ಸಮೀಪದ ಹಣ ಕೊಟ್ಟರು. ಧ್ವನಿಮುದ್ರಣ, ವಸ್ತುಗಳ ತಯಾರಿಕೆ, ಸಾಗಣೆ ಎಂದು ಹಣ ಹೋಗುವ ದಾರಿಯನ್ನು ಆಕೆ ಬಾಬ್ತುವಾರಾಗಿ ಬಹಿರಂಗವಾಗಿ ಬರೆದಳು. ಆದರೆ ತನ್ನ ಪ್ರವಾಸದ ಕಚೇರಿಗಳಲ್ಲಿ ಸ್ಥಳೀಯ ವಾದ್ಯಗಾರರು ಸಂಭಾವನೆಯಿಲ್ಲದೆ ನುಡಿಸಲು ಬರಲಿ ಎಂದು ಆಹ್ವಾನಿಸಿದಾಗ, ಇಷ್ಟು ಹಣ ಬಂದವಳು ಹೀಗೆ ಕೇಳಬಹುದೇ ಎಂಬ ದೂರು ಎದ್ದಿತು. ಕಡೆಗೆ ಅವರಿಗೆ ಹಣ ಕೊಡಲು ಒಪ್ಪಿದಳು. ಜಮೆಯ ಮೊತ್ತ ಎಲ್ಲರ ಕಣ್ಣಿಗೆ ಬೀಳುತ್ತದೆ. ಖರ್ಚಿನ ಮೊತ್ತವನ್ನು ನಾವೇ ತೋರಿಸಬೇಕು. ಬಹಿರಂಗವಾಗಿ ಬಂದ ಹಣಕ್ಕೆ ಬಹಿರಂಗ ಕಣ್ಣುಗಳೂ ಇರುತ್ತವೆ.

ಇನ್ನು ಕಾಲದ ಲೆಕ್ಕ. ಅಮೆರಿಕದ ಈಥನ್ ಮಾಲಿಕ್ ಎಂಬ ಪ್ರಾಧ್ಯಾಪಕರು ಕಿಕ್‌ಸ್ಟಾರ್ಟರಿನಲ್ಲಿ ಹಣ ಕೊಟ್ಟವರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ಹಣ ಕೂಡಿದ ಯೋಜನೆಗಳಲ್ಲಿ ಹೇಳಿದ ವಸ್ತುವನ್ನು ಕೊಡಲಾಗದೆ ಸೋತವು ನೂರಕ್ಕೆ ಒಂಬತ್ತು. ಕೈಕೊಟ್ಟವರು ಕಡಿಮೆಯೇ ಎನ್ನಬೇಕು. ಆದರೆ ಅದಕ್ಕೂ ಮೊದಲಿನ ಅವರದೇ ಅಧ್ಯಯನದಲ್ಲಿ, ವಿನ್ಯಾಸ ಮತ್ತು ಯಂತ್ರೋಪಕರಣದ ಯೋಜನೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವು ಹೇಳಿದ ದಿನಕ್ಕೆ ಮುಗಿದಿರಲಿಲ್ಲ. ಮೋಸಕ್ಕಿಂತ ವಿಳಂಬವೇ ಈ ವ್ಯವಹಾರದ ದೊಡ್ಡ ರೋಗ. ಇದಕ್ಕೆ ಔಷಧವೇನು? 2022ರಲ್ಲಿ ಬ್ರಾಂಡನ್ ಸ್ಯಾಂಡರ್ಸನ್ ಎಂಬ ಕಾದಂಬರಿಕಾರರು ನಾಲ್ಕು ಕಾದಂಬರಿಗಳಿಗಾಗಿ ಕೇಳಿದಾಗ 1,85,000ಕ್ಕೂ ಹೆಚ್ಚು ಓದುಗರಿಂದ ನಾಲ್ಕು ಕೋಟಿ ಡಾಲರಿಗೂ ಮೀರಿ ಬಂತು. ಎಲ್ಲರೂ ಆ ಮೊತ್ತವನ್ನು ಕಂಡು ಬೆರಗಾದರು. ನನಗೆ ಬೆರಗಾದದ್ದು ಬೇರೆ: ಹಣ ಕೇಳುವ ಹೊತ್ತಿಗೆ ಆ ನಾಲ್ಕು ಕಾದಂಬರಿಗಳನ್ನೂ ಅವರು ಬರೆದು ಮುಗಿಸಿದ್ದರು. ಬಿತ್ತುವ ಮೊದಲು ಸಾಲ ಕೇಳುವವನಿಗಿಂತ, ಪೈರು ಎದ್ದು ನಿಂತ ಹೊಲವನ್ನು ತೋರಿಸಿ ಕೇಳುವವನನ್ನು ಜನ ಹೆಚ್ಚು ನಂಬುತ್ತಾರೆ.

ಕನ್ನಡ ಪಂಡಿತನಿಗೆ ಈ ಗೊಡವೆ ಏಕೆಂಬುದನ್ನು ಹೇಳುವೆನೆಂದಿದ್ದೆನಲ್ಲ, ಈಗ ಹೇಳುತ್ತೇನೆ. 1996ರಲ್ಲಿ ನನಗೆ ಇಪ್ಪತ್ತಾರು ವರ್ಷ. ಊರೂರು ಅಲೆದು ಒಗಟುಗಳನ್ನು ಸಂಗ್ರಹಿಸಿದ್ದೆ. ಪುಸ್ತಕ ತರುವೆನೆಂದು ಸೈಕಲ್ಲಿನ ಮೇಲೆ ತಿರುಗಿ 112 ಮಂದಿಯಿಂದ ತಲಾ ನಲವತ್ತು ರೂಪಾಯಿ ಮುಂಗಡ ಪಡೆದೆ. ಆರು ತಿಂಗಳಲ್ಲಿ ಪುಸ್ತಕ ಎಂದು ರಸೀತಿಯಲ್ಲಿ ನನ್ನ ಕೈಯಿಂದಲೇ ಬರೆದುಕೊಟ್ಟೆ. ಆ 4,480 ರೂಪಾಯಿಯನ್ನು ಬೇರೆ ಇಡಲಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಸಂಬಳದ ಹಣದ ಜೊತೆಗೇ ಇಟ್ಟೆ. ತಂದೆಯವರಿಗೆ ಕಾಯಿಲೆಯಾಯಿತು. ಪೆಟ್ಟಿಗೆಯಲ್ಲಿದ್ದ ಹಣ ಯಾವುದು ನನ್ನದು, ಯಾವುದು ಪರರದು ಎಂದು ಆ ರಾತ್ರಿ ನಾನು ನೋಡಲಿಲ್ಲ. ಮುಂದಿನ ತಿಂಗಳು ತುಂಬಿದರಾಯಿತು ಎಂದುಕೊಂಡೆ. ಆ ಮುಂದಿನ ತಿಂಗಳು ಬರಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ, ಹಣ ಕೊಟ್ಟವರು ಎದುರಿಗೆ ಬಂದರೆ ನಾನು ಬೀದಿ ಬದಲಿಸುತ್ತಿದ್ದೆ. ಯಾರೂ ಗದರಿಸಲಿಲ್ಲ. ಗದರಿಸಿದ್ದರೆ ಹಗುರಾಗುತ್ತಿತ್ತು.

ಪುಸ್ತಕ ಬಂದ ಮೇಲೆ ಪಟ್ಟಿ ಹಿಡಿದು ಮನೆ ಮನೆಗೆ ಕೊಟ್ಟುಬಂದೆ. ಒಂದು ಹಳ್ಳಿಯಲ್ಲಿ ಮಗ್ಗ ನಡೆಸುತ್ತಿದ್ದ ಹಿರಿಯರೊಬ್ಬರು ಬಹಳ ಆಸೆಯಿಂದ ಹೆಸರು ಬರೆಸಿದ್ದರು. ತಾವು ಬಲ್ಲ ಹತ್ತಾರು ಒಗಟುಗಳನ್ನೂ ಹೇಳಿದ್ದರು. ಬಾಗಿಲು ತೆಗೆದವರು ಅವರ ಹೆಂಡತಿ.

"ಅವರು ಹೋಗಿ ಎಂಟು ತಿಂಗಳಾಯ್ತು ಮೇಷ್ಟ್ರೇ. ಪುಸ್ತಕ ಬಂತಾ, ಬಂತಾ ಅಂತ ಕೇಳ್ತಾನೇ ಇದ್ದರು" ಎಂದರು.

ಪುಸ್ತಕವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಗೂಡಿನಲ್ಲಿಟ್ಟು, ನನಗೆ ಕುಡಿಯಲು ಮಜ್ಜಿಗೆ ತಂದರು. ಆ ಮಜ್ಜಿಗೆಯನ್ನು ನಾನು ಹೇಗೆ ಕುಡಿದೆನೋ ನನಗೇ ತಿಳಿಯದು. ನಲವತ್ತು ರೂಪಾಯಿಯ ಪುಸ್ತಕ ಮುಟ್ಟಿತು; ಆದರೆ ಋಣ ತೀರಲಿಲ್ಲ. ಕೊಟ್ಟವರು ಕೊಟ್ಟದ್ದು ಹಣವನ್ನು ಮಾತ್ರವಲ್ಲ, ಕಾಯುವ ತಮ್ಮ ದಿನಗಳನ್ನೂ ಕೊಟ್ಟಿರುತ್ತಾರೆಂದು ಅಂದು ನನಗೆ ಅರಿವಾಯಿತು.

ಈ ಕತೆಯನ್ನು ನನ್ನ ವಿದ್ಯಾರ್ಥಿನಿಗೆ ಹೇಳಿದೆ. ಮೂವತ್ತು ವರ್ಷದಲ್ಲಿ ಇನ್ನಾರಿಗೂ ಹೇಳಿರಲಿಲ್ಲ. ಬಳಿಕ ಅವಳು ಮಾಡಿದ್ದಿಷ್ಟು. ವಂತಿಗೆಗೆಂದೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದಳು. ಬಟ್ಟೆಯ ಚೀಲವನ್ನು ಮನವಿಯಿಂದ ತೆಗೆದುಹಾಕಿದಳು. ತಾನು ಎಣಿಸಿದ ದಿನಕ್ಕೆ ಮೂರು ತಿಂಗಳು ಸೇರಿಸಿ ಪುಸ್ತಕದ ದಿನವನ್ನು ಪ್ರಕಟಿಸಿದಳು. ಮನವಿ ಹೊರಡುವ ಮೊದಲೇ ಬಂಧುಗಳನ್ನೂ ಗೆಳೆಯರನ್ನೂ ಒಬ್ಬೊಬ್ಬರನ್ನಾಗಿ ಕಂಡು ಒಪ್ಪಿಸಿದಳು. ಏಕೆಂದರೆ ಬರಿದಾದ ತಟ್ಟೆಗೆ ಅಪರಿಚಿತರು ಮೊದಲ ಕಾಸು ಹಾಕುವುದಿಲ್ಲ. ಹಣ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ, ಹೇಳಲು ವಿಶೇಷವಿರಲಿ ಬಿಡಲಿ, ಕೆಲಸ ಎಲ್ಲಿಗೆ ಬಂತೆಂದು ಎಲ್ಲರಿಗೂ ಬರೆದಳು. ಅಷ್ಟಾದರೂ ಪುಸ್ತಕ ಐದು ವಾರ ತಡವಾಯಿತು. ತಡವಾಗುವುದೆಂದು ತಿಳಿದ ದಿನವೇ ತಿಳಿಸಿದಳು. ಒಬ್ಬರು ಹಣ ಹಿಂದಕ್ಕೆ ಕೇಳಿದರು, ಮರುಮಾತಿಲ್ಲದೆ ಕಳುಹಿಸಿದಳು. ಉಳಿದವರು ಕಾದರು.

ಪುಸ್ತಕಗಳೆಲ್ಲ ಅಂಚೆಗೆ ಹೋದ ಮೇಲೆ ಲೆಕ್ಕದ ಹಾಳೆಯನ್ನು ಹಿಡಿದು ಮತ್ತೆ ಬಂದಳು. ತಾನು ಪಡೆದ ಸಂಭಾವನೆಯನ್ನೂ ಅದರಲ್ಲಿ ಸಂಕೋಚವಿಲ್ಲದೆ ಒಂದು ಬಾಬ್ತಾಗಿ ಬರೆದಿದ್ದಳು. ಅದು ಸರಿಯೇ, ದುಡಿದವರು ಉಪವಾಸವಿದ್ದು ಕಲೆ ಬೆಳೆಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕೊನೆಗೆ 640 ರೂಪಾಯಿ ಉಳಿದಿತ್ತು.

"ಇದನ್ನೇನು ಮಾಡಲಿ ಮೇಷ್ಟ್ರೇ? ಇಷ್ಟು ಸಣ್ಣದನ್ನು ಯಾರು ಕೇಳುತ್ತಾರೆ?" ಎಂದಳು.

"ಯಾರೂ ಕೇಳುವುದಿಲ್ಲವಮ್ಮ. ಅದಕ್ಕೇ ಬರೆದುಬಿಡು" ಎಂದೆ.

ಆ ಹಣದಲ್ಲಿ ಎರಡು ಹಳ್ಳಿಯ ಶಾಲೆಗಳಿಗೆ ಪುಸ್ತಕ ಕಳುಹಿಸಿ, ಅದನ್ನೂ ಕಡೆಯ ಸಾಲಿನಲ್ಲಿ ಬರೆದು, ಲೆಕ್ಕವನ್ನು ಹಣ ಕೊಟ್ಟವರೆಲ್ಲರ ಮುಂದೆ ಇಟ್ಟಳು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರ ಗುಡಿಯ ಜಗಲಿ, ಮತ್ತು ಏಳೂವರೆ ರೂಪಾಯಿಯ ದೀಪದ ಎಣ್ಣೆ.